ಪಾನಾ ಹಿಡಿಯುವ ಮುಂಚೆ ಗೇಜ್ ಹಿಡಿ

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆಯವನು, ವಯಸ್ಸು 22. ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಎರಡು ವರ್ಷದಿಂದ ಗಂಗಾವತಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಸಂಡೂರಿನಲ್ಲಿ ಗಣಿ ಕಾಂಟ್ರ್ಯಾಕ್ಟರ್ ಒಬ್ಬರು ಹಿಟಾಚಿ, ಡಂಪರ್ ರಿಪೇರಿಗೆ ಹೆಲ್ಪರ್ ಆಗಿ ಬಾ ಅಂತ ಕರೆದಿದ್ದಾರೆ. ಅಪ್ಪ ಮಾತ್ರ ಧಾರವಾಡದ ಕಡೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್‌ಗೆ ಅರ್ಜಿ ಹಾಕು ಅನ್ನುತ್ತಾರೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಲ್ಯಾಪ್‌ಟಾಪ್ ಮುಟ್ಟಿದವನಲ್ಲ. ದೊಡ್ಡ ಯಂತ್ರದ ಕೆಲಸ ನನ್ನಿಂದ ಆಗುತ್ತದಾ? ಏನು ಕಲಿಯಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ನೀನು ನನ್ನ ಮಗನ ವಯಸ್ಸಿನವನು, ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೆಲಸ ನಿನ್ನಿಂದ ಖಂಡಿತ ಆಗುತ್ತದೆ. ಎರಡು ವರ್ಷ ಟ್ರ್ಯಾಕ್ಟರ್ ಕೆಳಗೆ ಮಲಗಿ ಎದ್ದವನಿಗೆ ಎಂಜಿನ್ ಹೊಸದಲ್ಲ. ಆದರೆ ಹಿಟಾಚಿಯಲ್ಲಿ ಎಂಜಿನ್ ಗೊತ್ತಿದ್ದ ಮಾತ್ರಕ್ಕೆ ಯಂತ್ರ ಗೊತ್ತಾದಂತಲ್ಲ. ಅಲ್ಲಿ ಎಂಜಿನ್‌ಗೆ ಇರುವ ಮುಖ್ಯ ಕೆಲಸ ಪಂಪ್ ತಿರುಗಿಸುವುದು. ಬೂಮ್ ಅಂದರೆ ಅದರ ದೊಡ್ಡ ತೋಳು ಎತ್ತುವುದು, ಬಕೆಟ್ ಅಗೆಯುವುದು, ಮೇಲ್ಭಾಗ ಗರ್ರನೆ ಸುತ್ತುವುದು, ಚೈನ್ ಮೇಲೆ ಇಡೀ ಯಂತ್ರ ನಡೆಯುವುದು, ಎಲ್ಲಾ ಎಣ್ಣೆಯ ಒತ್ತಡದ ಮೇಲೆ. 20 ಟನ್ನಿನ ಯಂತ್ರದಲ್ಲಿ ಆ ಒತ್ತಡ ಸುಮಾರು 350 ಬಾರ್ ತನಕ ಏರುತ್ತದೆ. ನಿನ್ನ ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿರುವ ಗಾಳಿ ಒಂದು, ಒಂದೂವರೆ ಬಾರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು, ಎಂಥ ಜಾಗಕ್ಕೆ ಕೈ ಹಾಕಲು ಹೊರಟಿದ್ದೀಯ ಅಂತ ಗೊತ್ತಾಗುತ್ತದೆ.

ಇದಕ್ಕೆ ರಟ್ಟೆಯಲ್ಲಿ ಬಲ ಬೇಕು ಅಂತ ಊರವರು ಹೇಳಿರುತ್ತಾರೆ. ಬೇಕು, ಸುಳ್ಳಲ್ಲ. ತುಕ್ಕು ಹಿಡಿದ ಚೈನ್ ಶೂ ಬೋಲ್ಟ್ ಬಿಚ್ಚುವ ದಿನ ನಿನಗೇ ತಿಳಿಯುತ್ತದೆ. ಆದರೆ 31 ವರ್ಷದಲ್ಲಿ ಬಲ ಸಾಲದೆ ಈ ಕೆಲಸ ಬಿಟ್ಟವರನ್ನು ನಾನು ನೋಡಿದ್ದು ಒಬ್ಬಿಬ್ಬರನ್ನು. ದೋಷ ಎಲ್ಲಿದೆ ಅಂತ ಹುಡುಕಲು ಬಾರದೆ ಕೊನೆತನಕ ಹೆಲ್ಪರ್ ಆಗಿಯೇ ಉಳಿದವರು ಲೆಕ್ಕವಿಲ್ಲ. ಬಿಚ್ಚುವುದು, ಕೂಡಿಸುವುದು ಆರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಅನ್ನುವುದು ಹತ್ತಲು ವರ್ಷಗಳು ಬೇಕು. ಅದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ನಾನು ಹೆಲ್ಪರ್ ಆಗಿ ಮೂರನೇ ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಹೂಳು ತೆಗೆಯುವ ಕೆಲಸ ನಡೆದಿತ್ತು. ಕಾಲುವೆಗೆ ನೀರು ಬಿಡುವ ದಿನ ಹತ್ತಿರ ಬಂದಿತ್ತು, ಮಾಲೀಕರಿಗೆ ಒಂದೊಂದು ದಿನವೂ ಹೊರೆ. ಅಂಥ ಹೊತ್ತಿನಲ್ಲಿ ಯಂತ್ರ ನಿಧಾನವಾಯಿತು. ಬೂಮ್ ನಿಧಾನ, ಬಕೆಟ್ ನಿಧಾನ, ಸುತ್ತುವುದೂ ನಿಧಾನ, ನಡೆಯುವುದೂ ನಿಧಾನ. ನಮ್ಮ ಹಿರಿಯ ಮಿಸ್ತ್ರಿ ಬಂದರು, ಎರಡು ಸಲ ಲಿವರ್ ಎಳೆದು ನೋಡಿದರು, "ಪಂಪ್ ಹೋಗಿದೆ" ಅಂದರು. ಎಲ್ಲವೂ ನಿಧಾನ ಅಂದರೆ ಪಂಪ್, ಅದು ಆಗಿನ ನಮ್ಮ ಪಾಠ. ಚೈನ್ ಬ್ಲಾಕ್ ಕಟ್ಟಿ ಪಂಪ್ ಇಳಿಸಿದೆವು. ಬೆಂಗಳೂರಿಗೆ ಹೋಗಿ ಹೊಸ ಪಿಸ್ಟನ್, ಹೊಸ ವಾಲ್ವ್ ಪ್ಲೇಟ್ ಹಾಕಿಸಿಕೊಂಡು ಬಂತು. ಒಂಬತ್ತು ದಿನ ಹೋಯಿತು. ಮಾಲೀಕರು ಹೆಂಡತಿಯ ಬಂಗಾರ ಅಡ ಇಟ್ಟು ಬಿಲ್ ಕಟ್ಟಿದ್ದರು. ಕೂಡಿಸಿ ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದೆವು. ಬೂಮ್ ಎತ್ತಿದರೆ ಅದೇ ನಿಧಾನ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಾಲೀಕರು ಒಂದು ಮಾತೂ ಆಡದೆ ಕಾಲುವೆ ಏರಿಯ ಮೇಲೆ ಹೋಗಿ ಕೂತರು. ಆ ಮುಖ ಇವತ್ತಿಗೂ ಕಣ್ಣಮುಂದಿದೆ.

ಮರುದಿನ ಕೆಜಿಎಫ್ ಕಡೆಯ ಹಳೆಯ ಮಿಸ್ತ್ರಿ ಒಬ್ಬರನ್ನು ಕರೆಸಿದರು. ಅವರ ಕೈಯಲ್ಲಿ ಪಾನಾದ ಚೀಲ ಇರಲಿಲ್ಲ, ಒಂದು ಸಣ್ಣ ತಗಡಿನ ಪೆಟ್ಟಿಗೆ ಇತ್ತು. ಮೊದಲು ಆಪರೇಟರನ್ನು ಕರೆದು ಕೂರಿಸಿಕೊಂಡರು. ಯಾವಾಗಿನಿಂದ ಹೀಗಾಯಿತು, ಒಮ್ಮೆಲೇ ಆಯಿತೋ ಬರಬರುತ್ತಾ ಆಯಿತೋ, ಬೆಳಿಗ್ಗೆ ಹೇಗಿರುತ್ತದೆ ಮಧ್ಯಾಹ್ನ ಹೇಗಿರುತ್ತದೆ, ಹೀಗಾಗುವ ಮುಂಚೆ ಯಾರು ಏನು ಬಿಚ್ಚಿದ್ದರು. ಕೊನೆಯ ಪ್ರಶ್ನೆಗೆ ಆಪರೇಟರ್ ಹೇಳಿದ: "ಪೈಲಟ್ ಲೈನಿನ ಫಿಲ್ಟರ್ ಬದಲು ಮಾಡಿದ್ರು ಸರ್, ಅದಾದ ಎರಡು ದಿನಕ್ಕೆ." ಮಿಸ್ತ್ರಿ ಪೆಟ್ಟಿಗೆ ತೆಗೆದು ಒತ್ತಡ ಅಳೆಯುವ ಗೇಜ್ ಹಾಕಿದರು. ಪೈಲಟ್ ಒತ್ತಡ 40 ಬಾರ್ ಇರಬೇಕಾದ ಕಡೆ 22 ತೋರಿಸಿತು. ಆ ಒತ್ತಡವನ್ನು ಮಿತಿಯಲ್ಲಿಡುವ ಪೈಲಟ್ ರಿಲೀಫ್ ವಾಲ್ವ್ ಬಿಚ್ಚಿದರು. ಅದು ಮುಚ್ಚಿಕೊಳ್ಳುವ ಸೀಟಿನ ಮೇಲೆ ಓ-ರಿಂಗಿನ, ಅಂದರೆ ಎಣ್ಣೆ ಸೋರದಂತೆ ಹಾಕುವ ರಬ್ಬರ್ ಬಳೆಯ, ಒಂದು ಚೂರು ಕೂತಿತ್ತು, ಕಪ್ಪಗೆ, ಸಾಸಿವೆ ಕಾಳಿನಷ್ಟು. ಉಗುರಿನಲ್ಲಿ ಎತ್ತಿ ನನ್ನ ಅಂಗೈ ಮೇಲೆ ಇಟ್ಟು, "ಇದು ಎಷ್ಟು ಬೆಲೆ ಬಾಳುತ್ತೆ ಹೇಳಪ್ಪ" ಅಂತ ಕೇಳಿದರು. ನನಗೆ ಬಾಯಿಂದ ಮಾತು ಹೊರಡಲಿಲ್ಲ.

ಯಾಕೆ ಹಾಗಾಯಿತು ಅಂತ ತಿಳಿದುಕೋ. ಆಪರೇಟರ್ ಹಿಡಿಯುವ ಲಿವರ್ ದೊಡ್ಡ ಕಂಟ್ರೋಲ್ ವಾಲ್ವನ್ನು ನೇರವಾಗಿ ದೂಡುವುದಿಲ್ಲ. ಅದು 40 ಬಾರಿನ ಸಣ್ಣ ಎಣ್ಣೆಯ ದಾರಿಯೊಂದನ್ನು ತೆರೆಯುತ್ತದೆ, ಅದೇ ಪೈಲಟ್ ಲೈನ್. ಆ ಸಣ್ಣ ಎಣ್ಣೆ ಹೋಗಿ ದೊಡ್ಡ ವಾಲ್ವಿನೊಳಗೆ ಸರಿಯುವ ಸ್ಪೂಲ್ ಅನ್ನುವ ದಂಡವನ್ನು ದೂಡುತ್ತದೆ, ಸ್ಪೂಲ್ ಸರಿದಷ್ಟು 350 ಬಾರಿನ ದೊಡ್ಡ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಚೂರು ಅಡ್ಡ ಬಂದು ರಿಲೀಫ್ ವಾಲ್ವ್ ಪೂರ್ತಿ ಮುಚ್ಚದೆ ಸಣ್ಣ ಎಣ್ಣೆಯ ಒತ್ತಡ ಕುಗ್ಗಿದರೆ ಎಲ್ಲ ಸ್ಪೂಲ್‌ಗಳೂ ಅರ್ಧಕ್ಕೇ ನಿಲ್ಲುತ್ತವೆ. ಪಂಪ್ ಗಟ್ಟಿಯಾಗಿದೆ, ಆದರೆ ಬಾಗಿಲು ಪೂರ್ತಿ ತೆರೆದಿಲ್ಲ. ಐದು ನಿಮಿಷದ ಗೇಜ್ ಕೆಲಸಕ್ಕೆ ಬದಲಾಗಿ ನಾವು ಒಂಬತ್ತು ದಿನ, ಒಂದು ಮನೆಯ ಬಂಗಾರ ಕಳೆದಿದ್ದೆವು. ಅವತ್ತಿನಿಂದ ಗೇಜ್ ಹಾಕದೆ ನಾನು ಒಂದು ಪಂಪನ್ನೂ ಬಿಚ್ಚಿಲ್ಲ.

ಹಾಗಾಗಿ ನೀನು ಮೊದಲು ಕಲಿಯಬೇಕಾದದ್ದು ಕೇಳುವುದನ್ನು ಮತ್ತು ಅಳೆಯುವುದನ್ನು. ಆಪರೇಟರ್ ಹೇಳುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡ. ದಿನಕ್ಕೆ ಹತ್ತು ಗಂಟೆ ಆ ಸೀಟಿನಲ್ಲಿ ಕೂರುವವನು ಅವನು. "ಏನೋ ಅದುಮಿದಂಗ ಆಗತೈತ್ರಿ" ಅಂತ ಅವನು ಹೇಳಿದರೆ ಅದರೊಳಗೆ ನಿನಗೆ ಬೇಕಾದ್ದು ಇರುತ್ತದೆ.

ಯಂತ್ರ ನಿಧಾನ ಅಂದಾಗ ನಾನು ಮೊದಲು ನೋಡುವುದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ. ಲೋಡ್ ಕೊಟ್ಟಾಗ ಎಂಜಿನ್ ಅದುಮಿಕೊಂಡು ಕಪ್ಪು ಹೊಗೆ ಬಿಟ್ಟರೆ ಬಹುಮಟ್ಟಿಗೆ ಗಾಳಿಯ ಕಡೆ ತೊಂದರೆ, ಏರ್ ಫಿಲ್ಟರ್, ಟರ್ಬೋದ ಹೋಸ್ ನೋಡು. ಅದುಮಿಕೊಂಡರೂ ಹೊಗೆ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ. ಎಂಜಿನ್ ಆರಾಮಾಗಿ ತಿರುಗುತ್ತಲೇ ಇದೆ, ಬೂಮ್ ಮಾತ್ರ ಏಳುತ್ತಿಲ್ಲ ಅಂದರೆ ದೋಷ ಎಣ್ಣೆಯ ಕಡೆ. ಆಮೇಲಿನ ಪ್ರಶ್ನೆ, ಎಲ್ಲಾ ನಿಧಾನವೋ ಒಂದೇ ನಿಧಾನವೋ. ಬಕೆಟ್ ಒಂದೇ ಸೋತರೆ ಅದರ ಸ್ಪೂಲ್, ಅದರ ಸಿಲಿಂಡರ್. ಮೇಲಿನದೆಲ್ಲಾ ಚೆನ್ನಾಗಿದ್ದು ಎರಡೂ ಚೈನ್ ಸೋತರೆ ಸುತ್ತುವ ಮೇಲ್ಭಾಗದಿಂದ ಕೆಳಗಿನ ಚೈನಿಗೆ ಎಣ್ಣೆ ಇಳಿಸುವ ನಡುವಿನ ಸೆಂಟರ್ ಜಾಯಿಂಟಿನ ಸೀಲ್ ಮೇಲೆ ಅನುಮಾನ ಪಡು. ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನ ಕಾದ ಮೇಲೆ ಸೋಲುತ್ತದೆ ಅಂದರೆ ಒಳಗೆಲ್ಲೋ ಸವೆತವಿದೆ, ಎಣ್ಣೆ ಕಾದು ತೆಳ್ಳಗಾಗಿ ಸಂದಿಯಲ್ಲಿ ಹಿಂದಕ್ಕೆ ಜಾರುತ್ತಿದೆ.

ನಡೆಯುವಾಗ ಯಂತ್ರ ಒಂದೇ ಕಡೆಗೆ ಎಳೆಯುತ್ತದೆ ಅನ್ನುವ ದೂರು ತುಂಬಾ ಬರುತ್ತದೆ. ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಪಂಪ್ ಇರುತ್ತವೆ, ಒಂದೊಂದು ಒಂದೊಂದು ಚೈನಿಗೆ. ಎರಡರ ಔಟ್‌ಲೆಟ್ ಹೋಸ್‌ಗಳನ್ನು ಅದಲುಬದಲು ಮಾಡಿ ನೋಡು. ಸೋಲು ಎಡದಿಂದ ಬಲಕ್ಕೆ ಹಾರಿದರೆ ಕಳ್ಳ ಪಂಪಿನ ಕಡೆ ಇದ್ದಾನೆ. ಹಾರದೆ ಅಲ್ಲೇ ನಿಂತರೆ ಕೆಳಗಡೆ, ವಾಲ್ವಿನಲ್ಲೋ ಮೋಟರಿನಲ್ಲೋ ಇದ್ದಾನೆ. ಒಂದು ರೂಪಾಯಿಯ ಬಿಡಿಭಾಗ ಇಲ್ಲದೆ ಅರ್ಧ ಯಂತ್ರವನ್ನು ಅನುಮಾನದಿಂದ ಬಿಟ್ಟಂತಾಯಿತು.

ಇನ್ನು ಜೀವದ ಮಾತು. ಇದನ್ನು ಎರಡು ಸಲ ಓದು.

ನನ್ನ ಜೊತೆ ಕೆಲಸಕ್ಕಿದ್ದ ಗೆಳೆಯ ರಾತ್ರಿ ಶಿಫ್ಟಿನಲ್ಲಿ ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ಹೋಸಿನ ಮೇಲೆ ಬರಿಗೈ ಆಡಿಸುತ್ತಾ ಹೋದ. ಎಂಜಿನ್ ಓಡುತ್ತಿತ್ತು. ಎಡಗೈ ತೋರುಬೆರಳಿಗೆ ಜಾಲಿ ಮುಳ್ಳು ಚುಚ್ಚಿದ ಹಾಗಾಯಿತು ಅಂದ. ಟಾರ್ಚ್ ಹಾಕಿ ನೋಡಿದರೆ ಒಂದು ಕೆಂಪು ಚುಕ್ಕೆ, ರಕ್ತವೂ ಸರಿಯಾಗಿ ಬಂದಿರಲಿಲ್ಲ. ಒರೆಸಿಕೊಂಡು ಶಿಫ್ಟ್ ಮುಗಿಸಿದ, ರೂಮಿಗೆ ಹೋಗಿ ಮಲಗಿದ. ಬೆಳಗಾಗುವಷ್ಟರಲ್ಲಿ ಬೆರಳು ಬದನೆಕಾಯಿಯ ಹಾಗೆ ಊದಿ ಬಣ್ಣ ತಿರುಗಿತ್ತು. ಹತ್ತಿರದ ದವಾಖಾನೆಯಲ್ಲಿ ಮುಳ್ಳಿನ ಗಾಯ ಅಂತ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂರನೇ ದಿನ ದೊಡ್ಡಾಸ್ಪತ್ರೆಯಲ್ಲಿ ಬೆರಳು ತೆಗೆಯಬೇಕಾಯಿತು. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಅಲ್ಲಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಬೆರಳಿನ ಒಳಗೆಲ್ಲಾ ಹರಡಿ ಮಾಂಸವನ್ನು ಕೊಲ್ಲುತ್ತಾ ಹೋಗಿತ್ತು.

ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿ, ಕೈ ಬೇಡ. ನಿನಗೋ ಜೊತೆಯವರಿಗೋ ಹೀಗಾದರೆ ನೋವಿಲ್ಲ ಅಂತ ಸುಮ್ಮನಿರಬೇಡ, ಅದೇ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಿ "ಹೈ ಪ್ರೆಶರ್ ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿದೆ" ಅಂತ ಇದೇ ಮಾತಿನಲ್ಲಿ ಹೇಳಬೇಕು. ಚುಕ್ಕೆ ನೋಡಿದರೆ ವೈದ್ಯರಿಗೂ ಮೋಸ ಹೋಗುವಂತಿರುತ್ತದೆ. ಕೆಲವು ಗಂಟೆಗಳಲ್ಲಿ ಕೊಯ್ದು ತೊಳೆದರೆ ಬೆರಳು ಉಳಿಯುವ ಆಸೆ ಇರುತ್ತದೆ.

ಯಾವುದೇ ಹೋಸ್ ಬಿಚ್ಚುವ ಮುಂಚೆ ಬಕೆಟ್ ನೆಲಕ್ಕೆ ಊರಬೇಕು, ಎಂಜಿನ್ ನಿಲ್ಲಿಸಬೇಕು. ಆಮೇಲೆ ಚಾವಿ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ನಾಲ್ಕಾರು ಸಲ ಆಡಿಸು, ಒಳಗೆ ನಿಂತ ಒತ್ತಡ ಇಳಿಯುತ್ತದೆ. ಟ್ಯಾಂಕಿನ ಗಾಳಿಯನ್ನೂ ಬಿಡು. ಇಷ್ಟಾದ ಮೇಲೆ ಚಾವಿ ಯಂತ್ರದಲ್ಲಿ ಇರಬಾರದು, ನಿನ್ನ ಜೇಬಿನಲ್ಲಿರಬೇಕು. ಕೆಳಗೆ ಒಬ್ಬ ಮಲಗಿದ್ದಾನೆ ಅಂತ ತಿಳಿಯದೆ ಮೇಲೊಬ್ಬ ಸ್ಟಾರ್ಟ್ ಮಾಡಿದ್ದರಿಂದ ಸತ್ತವರಿದ್ದಾರೆ. ಬೂಮ್ ಕೆಳಗೆ ಹೋಗಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಇಡಿಸು. ಜಾಕನ್ನೋ ಕಲ್ಲನ್ನೋ ನಂಬಬೇಡ. ಡಂಪರಿನ ಬಾಡಿ ಎತ್ತಿ ಕೆಲಸ ಮಾಡುವಾಗ ಅದು ಕೆಳಗೆ ಬೀಳದಂತೆ ತಡೆಯುವ ಬಾಡಿ ಪಿನ್ ಹಾಕದೆ ಚಾಸಿಗೆ ಕೈ ಹಾಕಬೇಡ, ಅದು ಬರೀ ಎಣ್ಣೆಯ ಮೇಲೆ ನಿಂತಿರುತ್ತದೆ.

ಚೈನ್ ಸಡಿಲ ಮಾಡುವ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ಎದುರಿಗೆ ಮುಖ ಇಡಬಾರದು. ಒಳಗಿನ ಗ್ರೀಸ್ ಆ ವಾಲ್ವನ್ನೇ ಗುಂಡಿನಂತೆ ಹೊರಗೆ ಎಸೆಯುತ್ತದೆ. ಅದರ ಹಿಂದೆ ಅದುಮಿಟ್ಟ ಸ್ಪ್ರಿಂಗ್ ಇರುತ್ತದೆ, ಅದನ್ನು ಪ್ರೆಸ್ ಇಲ್ಲದೆ ಯಾರು ಬಿಚ್ಚು ಅಂದರೂ ಬಿಚ್ಚಬೇಡ, ಕೆಲಸ ಹೋದರೂ ಚಿಂತೆಯಿಲ್ಲ. ಡಂಪರಿನ ರಿಂಗ್ ಇರುವ ಚಕ್ರ ಬಿಚ್ಚುವ ಮುಂಚೆ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡು, ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬು. ಕೈಗೆ ಹತ್ತಿದ ಹಳೆ ಎಂಜಿನ್ ಎಣ್ಣೆಯನ್ನು ಡೀಸೆಲಿನಿಂದ ತೊಳೆಯುವ ಅಭ್ಯಾಸ ನಿನಗೆ ಗ್ಯಾರೇಜಿನಲ್ಲಿ ಬಂದಿರಬಹುದು. ಇವತ್ತಿಗೇ ಬಿಡು, ಎರಡೂ ಚರ್ಮಕ್ಕೆ ವಿಷ.

ಸ್ವಚ್ಛತೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿನ್ನನ್ನು ಕರೆಯುತ್ತಿರುವುದು ಸಂಡೂರಿಗೆ. ಅಲ್ಲಿನ ಕೆಂಪು ಧೂಳು ನಿನಗೆ ಗೊತ್ತೇ ಇದೆ. ಬಟ್ಟೆಗೆ ಹತ್ತಿದ್ದು ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಅತಿ ಸಣ್ಣ ಕಣ ಸುಮಾರು 40 ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಅನ್ನುತ್ತಾರೆ. ಹೈಡ್ರಾಲಿಕ್ ಪಂಪಿನ ಒಳಗೆ ಪಿಸ್ಟನ್ ಮತ್ತು ಬ್ಯಾರಲ್ ನಡುವಿನ ಸಂದಿ ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಪಂಪನ್ನು ತಿನ್ನುವ ಧೂಳು ನಿನ್ನ ಕಣ್ಣಿಗೆ ಕಾಣುವುದೇ ಇಲ್ಲ. ಎಣ್ಣೆ ನೋಡಿ "ಚೆನ್ನಾಗೇ ಇದೆಯಲ್ಲ" ಅನ್ನುವ ಮಾತಿಗೆ ಅರ್ಥವಿಲ್ಲ. ಹೋಸ್ ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಕ್ಯಾಪ್ ಹಾಕು. ಬನಿಯನ್ ವೇಸ್ಟ್ ತುರುಕಬೇಡ, ಅದರ ನೂಲೇ ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಅಂಗೈ ಮೇಲೆ ಬಿದ್ದ ಆ ಓ-ರಿಂಗ್ ಚೂರೂ ಅವಸರದ ಕೈಯೊಂದು ಒಳಗೆ ಬಿಟ್ಟದ್ದೇ.

ಏರ್ ಫಿಲ್ಟರನ್ನು ಟೈರಿಗೆ ಬಡಿದು ಧೂಳು ಉದುರಿಸುವವರನ್ನು ನೋಡುತ್ತೀಯ. ಬಡಿದಾಗ ಕಾಗದ ಸೀಳುತ್ತದೆ, ಆಮೇಲೆ ಫಿಲ್ಟರ್ ಇದ್ದೂ ಇಲ್ಲದಂತೆ. ಎಂಜಿನ್ ಎಣ್ಣೆಯ ಮಾದರಿ ಲ್ಯಾಬಿಗೆ ಕಳಿಸಿದರೆ ವರದಿಯಲ್ಲಿ ಸಿಲಿಕಾನ್ ಏರಿರುತ್ತದೆ, ಅದು ಮಣ್ಣಿನ ಧೂಳಿನ ಗುರುತು. ಅದರ ಬೆನ್ನಿಗೇ ಕಬ್ಬಿಣ ಏರುತ್ತದೆ, ಲೈನರ್, ರಿಂಗ್ ಸವೆಯುತ್ತಿದೆ ಅಂತ. ಸೋಡಿಯಂ, ಪೊಟ್ಯಾಶಿಯಂ ಕಂಡರೆ ಎಂಜಿನ್ ತಂಪು ಮಾಡುವ ಕೂಲೆಂಟ್ ಎಲ್ಲೋ ಎಣ್ಣೆಗೆ ಇಳಿಯುತ್ತಿದೆ. ಈ ಕಾಗದ ಓದಲು ಕಲಿತ ಮೆಕ್ಯಾನಿಕ್ ಎಂಜಿನ್ ಬಿಚ್ಚದೆ ಅದರ ಒಳಗು ನೋಡುತ್ತಾನೆ. ನಮ್ಮ ಕಡೆ ಎಣ್ಣೆ ಪರೀಕ್ಷೆಗೆ ದುಡ್ಡು ಯಾಕೆ ದಂಡ ಅನ್ನುವ ಮಾಲೀಕರೇ ಹೆಚ್ಚು, ಅದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಇಂಗ್ಲಿಷ್, ಲ್ಯಾಪ್‌ಟಾಪ್ ಬಗ್ಗೆ ಹೆದರಿದ್ದೀಯ. ನನಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಈಗಲೂ ಭಾಷಣ ಮಾಡುವಷ್ಟು ಬರುವುದಿಲ್ಲ. ಮ್ಯಾನುಯಲ್‌ನಲ್ಲಿ ಪದೇ ಪದೇ ಬರುವ ಶಬ್ದ ಇನ್ನೂರೋ ಮುನ್ನೂರೋ. ಒಂದು ಮಳೆಗಾಲ ಸಾಕು. ಅದಕ್ಕಿಂತ ಮುಖ್ಯ ಹೈಡ್ರಾಲಿಕ್ ನಕ್ಷೆ ಓದುವುದು, ಮತ್ತು ಅದಕ್ಕೆ ಭಾಷೆಯೇ ಬೇಕಿಲ್ಲ. ವೃತ್ತದೊಳಗೆ ಕಪ್ಪು ತ್ರಿಕೋನ ಹೊರಮುಖವಾಗಿದ್ದರೆ ಪಂಪ್, ಒಳಮುಖವಾಗಿದ್ದರೆ ಮೋಟರ್. ಅಂಕುಡೊಂಕು ಗೆರೆ ಅಂದರೆ ಸ್ಪ್ರಿಂಗ್. ಯಾವುದರ ಮೇಲಾದರೂ ಓರೆಯಾಗಿ ಬಾಣ ಹಾದುಹೋಗಿದ್ದರೆ ಅದನ್ನು ಹೆಚ್ಚುಕಡಿಮೆ ಮಾಡಬಹುದು ಅಂತ. ಜಪಾನಿನ ಯಂತ್ರವಿರಲಿ, ಸ್ವೀಡನ್ನಿನದಿರಲಿ, ನಮ್ಮ ಸರ್ಕಾರಿ ಕಂಪನಿ ಬಿಇಎಂಎಲ್‌ನದಿರಲಿ, ಗುರುತು ಹೆಚ್ಚುಕಡಿಮೆ ಇವೇ. ಒಂದು ಯಂತ್ರದ ನಕ್ಷೆಯನ್ನು ಬಣ್ಣದ ಪೆನ್ಸಿಲ್ ಹಿಡಿದು ಬೂಮ್ ಎತ್ತುವಾಗ ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಗಿ ಎಲ್ಲಿಂದ ಟ್ಯಾಂಕಿಗೆ ವಾಪಸ್ಸು ಬರುತ್ತದೆ ಅಂತ ಗೀಚು. ಕೆಲವು ಸಲ ಗೀಚುವಷ್ಟರಲ್ಲಿ ಯಂತ್ರ ನಿನ್ನ ತಲೆಯೊಳಗೆ ಇಳಿದಿರುತ್ತದೆ.

ಲ್ಯಾಪ್‌ಟಾಪ್ ಇಲ್ಲದೆ ಮಾತ್ರ ಇನ್ನು ಮುಂದೆ ಆಗದು. ಟೈರ್ ಮೇಲೆ ಓಡುವ ಯಂತ್ರಗಳಿಗೆ 2021ರ ಏಪ್ರಿಲಿನಿಂದ ಹೊಗೆಯ ನಿಯಮ ಬಿಗಿಯಾಯಿತು, 2025ರ ಜನವರಿಯಿಂದ ಇನ್ನೂ ಒಂದು ಹಂತ ಮೇಲೆ ಹೋಗಿದೆ. ಹೊಸ ಜೆಸಿಬಿಯಲ್ಲಿ ಎಲ್ಲೆಡೆ ಸೆನ್ಸರ್. ದೋಷ ಬಂದರೆ ಕೋಡ್ ತೋರಿಸುತ್ತದೆ, ಎಸ್‌ಪಿಎನ್ ಅಂತ ಒಂದು ಸಂಖ್ಯೆ, ಎಫ್‌ಎಂಐ ಅಂತ ಇನ್ನೊಂದು. ಮೊದಲನೆಯದು ಯಾವ ಜಾಗ ಅಂತ ಹೇಳುತ್ತದೆ, ಎರಡನೆಯದು ಏನಾಗಿದೆ ಅಂತ. ಎಸ್‌ಪಿಎನ್ 100 ಅಂದರೆ ಎಂಜಿನ್ ಎಣ್ಣೆಯ ಒತ್ತಡ, ಎಫ್‌ಎಂಐ 1 ಅಂದರೆ ಅಪಾಯದಷ್ಟು ಕಡಿಮೆ. ಆದರೆ ಕೋಡ್ ನೋಡಿ ಸೆನ್ಸರ್ ಬದಲಿಸುವವನು, ಲಿವರ್ ಎಳೆದು ಪಂಪ್ ಬದಲಿಸಿದ ನಮ್ಮಂಥವನೇ. ಅಲ್ಲೂ ಅಳೆಯಬೇಕು. ಒತ್ತಡದ ಕೋಡ್ ಬಂದರೆ ಸೆನ್ಸರ್ ಜಾಗಕ್ಕೆ ಕೈ ಗೇಜ್ ಹಾಕಿ ನಿಜಕ್ಕೂ ಒತ್ತಡ ಇಲ್ಲವೋ, ಸೆನ್ಸರೇ ಸುಳ್ಳು ಹೇಳುತ್ತಿದೆಯೋ ನೋಡು. ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಎರಡು ತಂತಿ ಇರುತ್ತವೆ, ಕ್ಯಾನ್ ಲೈನ್ ಅನ್ನುತ್ತಾರೆ. ಬ್ಯಾಟರಿ ಕಳಚಿ ಆ ಎರಡರ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಬರಬೇಕು. 120 ಬಂದರೆ ಎರಡು ತುದಿಯ ರೆಸಿಸ್ಟರ್‌ಗಳಲ್ಲಿ ಒಂದು ತಪ್ಪಿಹೋಗಿದೆ, ಎಲ್ಲೋ ತಂತಿ ತುಂಡಾಗಿದೆ. ಇಷ್ಟಕ್ಕೆ ಬೇಕಾದ ಮೀಟರ್ ನಿನ್ನ ಗ್ಯಾರೇಜಿನಲ್ಲೂ ಇರುತ್ತದೆ. ಇಂಥ ಯಂತ್ರದ ಮೇಲೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕಳಚುವುದನ್ನು, ಅರ್ಥ್ ಕ್ಲ್ಯಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಿಡಿಸುವುದನ್ನು ಮರೆಯಬೇಡ. ದೂರ ಹಿಡಿಸಿದರೆ ಕರೆಂಟ್ ಬೇರಿಂಗ್, ಕಂಪ್ಯೂಟರ್ ಎಲ್ಲದರ ಮೂಲಕ ದಾರಿ ಹುಡುಕಿಕೊಂಡು ಹೋಗುತ್ತದೆ.

ಈಗ ನಿನ್ನ ಮುಖ್ಯ ಪ್ರಶ್ನೆ: ಸಂಡೂರೋ ಧಾರವಾಡವೋ.

ನಿಮ್ಮಪ್ಪ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಕರ್ನಾಟಕದ ಹುಡುಗರಿಗೆ ಅದೃಷ್ಟವಿದೆ. ಧಾರವಾಡದಲ್ಲಿ ಟಾಟಾ ಹಿಟಾಚಿ ಇದೆ. 1964ರಲ್ಲಿ ಶುರುವಾದ ಬಿಇಎಂಎಲ್‌ಗೆ ಕೆಜಿಎಫ್, ಬೆಂಗಳೂರು, ಮೈಸೂರಿನಲ್ಲಿ ಕಾರ್ಖಾನೆಗಳಿವೆ. ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೋದವರ ಯಂತ್ರದ ಕಾರ್ಖಾನೆ ಇದೆ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಕೈಗೆ ಸರ್ಟಿಫಿಕೇಟ್ ಬರುತ್ತದೆ, ಆಮೇಲೆ ಎಲ್ಲಿ ಹೋದರೂ ಅದು ಮಾತಾಡುತ್ತದೆ. ಸರ್ಟಿಫಿಕೇಟಿಗಿಂತ ದೊಡ್ಡದು ಇನ್ನೊಂದಿದೆ. ಹೊಸ ಯಂತ್ರ ಹೇಗಿರಬೇಕು ಅಂತ ನಿನ್ನ ಕಣ್ಣಿಗೆ, ಕೈಗೆ ಅಭ್ಯಾಸವಾಗುತ್ತದೆ. ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡುವುದು, ಸೀಲ್ ಕೂರಿಸುವ ಮುಂಚೆ ಎಣ್ಣೆ ಹಚ್ಚುವುದು, ಒಂದು ವಾಲ್ವನ್ನು ಮುಟ್ಟುವ ಮುಂಚೆ ಕೈ ತೊಳೆಯುವುದು, ಇವೆಲ್ಲ 22ರಲ್ಲಿ ಬಂದರೆ ಬಂತು. ಮೊದಲೇ ಸುತ್ತಿಗೆಯ ಅಭ್ಯಾಸ ಆಗಿಬಿಟ್ಟರೆ ಆಮೇಲೆ ಬಿಡಿಸುವುದು ಕಷ್ಟ. ನನ್ನ ಕೈಯಿಂದ ಆ ಅಭ್ಯಾಸ ಹೋಗಲು ನನಗೆ ಹತ್ತು ವರ್ಷ ಹಿಡಿಯಿತು.

ಕಾರ್ಖಾನೆಯಲ್ಲಿ ಒಂದು ಕೊರತೆ ಇದೆ, ಅಲ್ಲಿ ಕೆಟ್ಟ ಯಂತ್ರ ನೋಡಲು ಸಿಗುವುದಿಲ್ಲ. ಹಾಗಾಗಿ ಅಪ್ರೆಂಟಿಸ್ ಮುಗಿದ ಮೇಲೆ ಡೀಲರ್ ಕಡೆಯ ಸರ್ವಿಸ್ ವಿಭಾಗಕ್ಕೆ ಸೇರಲು ನೋಡು. ದೋಷ ಹುಡುಕುವ ವಿದ್ಯೆ ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಇವತ್ತು ಕುಷ್ಟಗಿಯ ಗ್ರಾನೈಟ್ ಕ್ವಾರಿ, ನಾಳೆ ಹೆದ್ದಾರಿ ಕೆಲಸ, ನಾಡಿದ್ದು ಕೆರೆ ಹೂಳು. ಗೇಜ್ ಕಿಟ್, ಮ್ಯಾನುಯಲ್, ಲ್ಯಾಪ್‌ಟಾಪ್ ಅವರೇ ಕೊಡುತ್ತಾರೆ, ಟ್ರೇನಿಂಗಿಗೂ ಕಳಿಸುತ್ತಾರೆ.

ಎಲ್ಲ ಬಗೆಯ ಸೈಟ್ ನೋಡು ಅನ್ನುವುದಕ್ಕೆ ಕಾರಣ 2011. ಆ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿನದೂ ನಿಂತಿತು. ನೆಲ ಲೂಟಿಯಾಗುವುದು ನಿಲ್ಲಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದೇ ವಾರದಲ್ಲಿ ಹೊಸಪೇಟೆ, ಸಂಡೂರು ರಸ್ತೆಯ ಶೆಡ್‌ಗಳು ಖಾಲಿಯಾದದ್ದನ್ನು ಕಣ್ಣಾರೆ ನೋಡಿದೆ. ಸಾಲ ಮಾಡಿ ಕೊಂಡ ಟಿಪ್ಪರ್‌ಗಳ ಮೇಲೆ ಜಾಲಿ ಬೆಳೆಯಿತು. ಮುಂದೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಗುವ ತನಕ ಬರೀ ಟಿಪ್ಪರ್ ಒಂದನ್ನೇ ಬಲ್ಲ ಮೆಕ್ಯಾನಿಕ್‌ಗಳು ತುಂಬಾ ಕಷ್ಟಪಟ್ಟರು. ಹೈಡ್ರಾಲಿಕ್ ಬಲ್ಲವರು ಕ್ರಷರ್, ರಸ್ತೆ, ನೀರಾವರಿ ಕೆಲಸಕ್ಕೆ ಹೋಗಿ ಬದುಕಿಕೊಂಡರು. ನಾನೂ ಹಾಗೇ ಬದುಕಿದವನು.

ಆದರೂ ಮನೆಯ ಪರಿಸ್ಥಿತಿ ನಿನಗೇ ಗೊತ್ತು. ಈ ತಿಂಗಳಿನಿಂದಲೇ ಸಂಬಳ ಬೇಕು, ಸಂಡೂರಿಗೆ ಹೋಗಲೇಬೇಕು ಅನ್ನುವುದಾದರೆ ಹೋಗು, ತಪ್ಪಿಲ್ಲ. ಹೋದವನು ಒಪ್ಪಿಕೊಳ್ಳುವ ಮುಂಚೆ ಅವರ ಶೆಡ್ ಒಳಗೆ ಒಂದು ಸುತ್ತು ಹಾಕು. ಗೇಜ್ ಕಿಟ್ ಇದೆಯಾ, ಇದ್ದರೆ ಅದರ ಪೆಟ್ಟಿಗೆ ಮೇಲೆ ಧೂಳು ಕೂತಿದೆಯಾ ನೋಡು. ಬೂಮ್ ಕೆಳಗೆ ಇಡುವ ಸ್ಟ್ಯಾಂಡ್, ಟೈರಿನ ಪಂಜರ ಎಲ್ಲಿದೆ ಅಂತ ಹುಡುಕು. ಮ್ಯಾನುಯಲ್, ಪಾರ್ಟ್ಸ್ ಬುಕ್ ಯಾರ ಹತ್ತಿರ ಇದೆ ಅಂತ ಕೇಳು. ಗಣಿಯಲ್ಲಿ ಕೆಲಸ ಮಾಡುವವರಿಗೆ ಮೊದಲು ವೈದ್ಯಕೀಯ ಪರೀಕ್ಷೆ, ವೊಕೇಶನಲ್ ಟ್ರೇನಿಂಗ್ ಆಗಬೇಕು ಅಂತ ಕಾನೂನಿದೆ. "ಅದೆಲ್ಲಾ ಆಮೇಲೆ ನೋಡೋಣ, ನಾಳೆಯಿಂದ ಬಾ" ಅಂದರೆ ಅಲ್ಲಿ ನಿನ್ನ ಬೆರಳಿನ ಚಿಂತೆ ಯಾರಿಗೂ ಇಲ್ಲ ಅಂತ ತಿಳಿದು ಬಸ್ ಹತ್ತು. ಒಳ್ಳೆಯ ಫೋರ್‌ಮನ್ ಇರುವ ಕಾಂಟ್ರ್ಯಾಕ್ಟರ್ ಶೆಡ್‌ಗಳೂ ಇವೆ, ಅಂಥವರು ಸಿಕ್ಕರೆ ಕಾರ್ಖಾನೆಯಲ್ಲಿ ನೋಡಲು ಸಿಗದ ಸವೆದ ಯಂತ್ರಗಳನ್ನು ಒಂದೇ ವರ್ಷದಲ್ಲಿ ಬೇಕಾದಷ್ಟು ನೋಡುತ್ತೀಯ. ಅಪ್ರೆಂಟಿಸ್ ಅರ್ಜಿಯನ್ನಂತೂ ಜೊತೆಯಲ್ಲೇ ಹಾಕಿಡು.

ಎರಡರಲ್ಲಿ ಎಲ್ಲಿಗೆ ಹೋದರೂ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೋ. ಊರಲ್ಲಿ ಚೈನಿರುವುದೆಲ್ಲಾ ಹಿಟಾಚಿ, ಟೈರಿರುವುದೆಲ್ಲಾ ಜೆಸಿಬಿ. ನೀನು ಹಾಗೆ ಬರೆಯಬೇಡ, ಮಾಡೆಲ್, ಸೀರಿಯಲ್ ನಂಬರ್ ಬರಿ, ಬಿಡಿಭಾಗ ಅದರ ಮೇಲೆಯೇ ಬರುವುದು. ಆಮೇಲೆ ಅವರ್ ಮೀಟರ್, ಆಪರೇಟರ್ ಹೇಳಿದ್ದು ಅವನ ಮಾತಿನಲ್ಲೇ, ಬಿಚ್ಚುವ ಮುಂಚಿನ ಒತ್ತಡ, ಸಿಕ್ಕ ದೋಷ, ಕೂಡಿಸಿದ ಮೇಲಿನ ಒತ್ತಡ. ನನ್ನ ಮೊದಲ ನೋಟ್‌ಬುಕ್ ಈಗಲೂ ಟೂಲ್ ಬಾಕ್ಸಿನ ತಳದಲ್ಲಿದೆ, ಎಣ್ಣೆ ಕುಡಿದು ಹಾಳೆಗಳು ಪಾರದರ್ಶಕವಾಗಿವೆ. ಮೊದಲ ಪುಟದಲ್ಲಿ ಎಡದಂಡೆ ಕಾಲುವೆ ಅಂತ ಬರೆದು ಕೆಳಗೆ ಎರಡು ಸಾಲು: ಪೈಲಟ್, ಮೊದಲು 22. ಚೂರು ತೆಗೆದ ಮೇಲೆ 40.